“ನಾಲ್ಕೇ ನಗರ ಸಾಕು”: ಸಿವಿಲೈಸೇಶನ್ ಆಟದ ಈ ಸಲಹೆ ಎಷ್ಟು ನಿಜ?

ಆರೋಗ್ಯದ ಟಿಪ್ಸ್ ಓಡಾಡುವ ಹಾಗೆಯೇ ಮೊಬೈಲ್ ಗೇಮ್‌ಗಳ ಟಿಪ್ಸ್‌ಗಳೂ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ‘ಸಿವಿಲೈಸೇಶನ್ 6’ ಆಡುವವರ ಫೋನಿಗೆ ಬರುವ ಸಲಹೆಗಳು ಹೆಚ್ಚುಕಡಿಮೆ ಹೀಗಿರುತ್ತವೆ: ನಾಲ್ಕು ನಗರಕ್ಕಿಂತ ಹೆಚ್ಚು ಕಟ್ಟಬೇಡಿ, ಇದ್ದವನ್ನೇ ದೊಡ್ಡದು ಮಾಡಿ. ಒಂದು ನಗರಕ್ಕೂ ಇನ್ನೊಂದಕ್ಕೂ ಆರೇಳು ಟೈಲ್ ದೂರವಿರಲಿ. ಮೊದಲ ಟರ್ನ್‌ನಲ್ಲಿ ನಿಂತಲ್ಲೇ ರಾಜಧಾನಿ ಕಟ್ಟಿ. ಬೆಟ್ಟ, ಮರುಭೂಮಿ ಕಂಡರೆ ದೂರ ಹೋಗಿ. ಮೊದಲು ಒಂದು ವಂಡರ್ ಕಟ್ಟಿ, ಸೆಟ್ಲರ್‌ಗಳನ್ನು ಆಮೇಲೆ ನೋಡಿಕೊಳ್ಳಿ.

ಇವುಗಳಲ್ಲಿ ಯಾವುದು ನಿಜ? ಆಟದ ನಿಯಮಗಳನ್ನೇ ಎದುರಿಗಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಚುಟುಕು ಉತ್ತರ ಬೇಕಾದವರಿಗೆ: ‘ನಾಲ್ಕೇ ನಗರ’ ಎಂಬ ಸಲಹೆ ಯಾರೋ ಕಟ್ಟಿದ ಸುಳ್ಳಲ್ಲ. ಅದು ಹಿಂದಿನ ಆಟಕ್ಕೆ, ಅಂದರೆ ಸಿವಿಲೈಸೇಶನ್ 5ಕ್ಕೆ ಸರಿಯಾಗಿ ಒಪ್ಪುತ್ತಿದ್ದ ಮಾತು. ಆರನೆಯ ಆಟದಲ್ಲಿ ನಿಯಮಗಳು ಬದಲಾದವು, ಸಲಹೆ ಮಾತ್ರ ತನ್ನ ತಾರೀಖು ಕಳೆದುಕೊಂಡು ಹಾಗೇ ಉಳಿಯಿತು. ಸಿವಿಲೈಸೇಶನ್ 6ರಲ್ಲಿ ಬೇಗ ಬೇಗ, ಹತ್ತಿರ ಹತ್ತಿರ, ನೀರಿನ ಪಕ್ಕ ಹೆಚ್ಚು ನಗರ ಕಟ್ಟುವುದೇ ಸಾಮಾನ್ಯವಾಗಿ ಲಾಭ.

ಇದು ಯಾವ ಆಟ?

ಸಿಡ್ ಮೈಯರ್ ಅವರ ಹೆಸರಿನಲ್ಲಿ ಬರುವ ಸಿವಿಲೈಸೇಶನ್ ಸರಣಿಯ ಮೊದಲ ಆಟ ಬಂದದ್ದು 1991ರಲ್ಲಿ. ಚದುರಂಗದ ಹಾಗೆ ಇದರಲ್ಲೂ ಒಬ್ಬರಾದ ಮೇಲೆ ಒಬ್ಬರು ನಡೆ ಇಡುತ್ತಾರೆ. ಪ್ರತಿ ಸರದಿಗೆ ‘ಟರ್ನ್’ ಎಂದು ಹೆಸರು. ಶಿಲಾಯುಗದ ಹೊತ್ತಿನಿಂದ ಆರಂಭಿಸಿ ಇಂದಿನ ಕಾಲದವರೆಗೆ ಒಂದು ನಾಗರಿಕತೆಯನ್ನು ಬೆಳೆಸಬೇಕು. ಫಿರಾಕ್ಸಿಸ್ ಸಂಸ್ಥೆ ತಯಾರಿಸಿದ ಸಿವಿಲೈಸೇಶನ್ 6, ಕಂಪ್ಯೂಟರಿಗೆ 2016ರಲ್ಲಿ ಬಂತು. 2020ರಲ್ಲಿ ಆಂಡ್ರಾಯ್ಡ್ ಫೋನುಗಳಿಗೂ ಬಂತು.

ಆಟದ ನಕ್ಷೆ ಜೇನುಗೂಡಿನ ಕೋಣೆಗಳಂತೆ ಆರು ಬದಿಯ ತುಂಡುಗಳಿಂದ ಆಗಿದೆ. ಇವೇ ‘ಟೈಲ್’ಗಳು. ಹೊಸ ನಗರ ಕಟ್ಟಲು ಹೊರಡುವ ವಲಸಿಗರ ಗುಂಪು ‘ಸೆಟ್ಲರ್’. ಅದು ಒಂದು ಟೈಲ್‌ನಲ್ಲಿ ನಿಂತು ನಗರ ಸ್ಥಾಪಿಸಿತೆಂದರೆ ಆ ನಗರ ಮತ್ತೆ ಅಲ್ಲಿಂದ ಕದಲುವುದಿಲ್ಲ. ಹಾಗಾಗಿ ಎಲ್ಲಿ ಕಟ್ಟಬೇಕು, ಯಾವಾಗ ಕಟ್ಟಬೇಕು ಎನ್ನುವುದು ಈ ಆಟದಲ್ಲಿ ಹಿಂದೆಗೆಯಲಾಗದ ಮೊದಲ ತೀರ್ಮಾನ.

‘ನಾಲ್ಕು’ ಎಂಬ ಸಂಖ್ಯೆ ಎಲ್ಲಿಂದ ಬಂತು?

2010ರಲ್ಲಿ ಬಂದ ಸಿವಿಲೈಸೇಶನ್ 5ರಲ್ಲಿ ಸಂತೋಷ ಇಡೀ ಸಾಮ್ರಾಜ್ಯಕ್ಕೆ ಒಂದೇ ಲೆಕ್ಕ. ಒಂದು ಹೊಸ ನಗರ ಕಟ್ಟಿದರೆ 3 ಅಂಕ ಅಸಂತೋಷ, ಜನಸಂಖ್ಯೆ ಒಂದು ಏರಿದರೆ ಇನ್ನೊಂದು ಅಂಕ. ನಗರಗಳನ್ನು ಹೆಚ್ಚಿಸುತ್ತಾ ಹೋದರೆ ಇಡೀ ದೇಶವೇ ಮುನಿಸಿಕೊಳ್ಳುತ್ತಿತ್ತು.

ಜೊತೆಗೆ ಆ ಆಟದ ‘ಟ್ರೆಡಿಶನ್’ ಎಂಬ ನೀತಿಯ ಕೊಡುಗೆಗಳು ಮೊದಲ ನಾಲ್ಕು ನಗರಗಳಿಗೆ ಮಾತ್ರ. ಸಂಸ್ಕೃತಿಯ ಒಂದು ಕಟ್ಟಡ ಮತ್ತು ನೀರಿನ ಅಕ್ವೆಡಕ್ಟ್ ಈ ನಾಲ್ಕಕ್ಕೆ ಉಚಿತವಾಗಿ ಸಿಗುತ್ತಿದ್ದವು, ಐದನೆಯದಕ್ಕೆ ಇಲ್ಲ. ನ್ಯಾಷನಲ್ ಕಾಲೇಜಿನಂಥ ದೊಡ್ಡ ಕಟ್ಟಡ ಬೇಕೆಂದರೆ ಪ್ರತಿ ನಗರದಲ್ಲೂ ಗ್ರಂಥಾಲಯ ಇರಲೇಬೇಕಿತ್ತು. 2013ರಲ್ಲಿ ಬಂದ ‘ಬ್ರೇವ್ ನ್ಯೂ ವರ್ಲ್ಡ್’ ವಿಸ್ತರಣೆ ಇನ್ನೊಂದು ಬಿಗಿ ಹಾಕಿತು: ಸಾಮಾನ್ಯ ಗಾತ್ರದ ನಕ್ಷೆಯಲ್ಲಿ ಪ್ರತಿ ಹೊಸ ನಗರಕ್ಕೂ ಹೊಸ ತಂತ್ರಜ್ಞಾನಗಳ ಬೆಲೆ ಶೇ. 5ರಷ್ಟು ಏರುತ್ತಿತ್ತು.

ಇಷ್ಟೆಲ್ಲ ಇರುವಾಗ ‘ನಾಲ್ಕೇ ನಗರ, ಅವನ್ನೇ ದೊಡ್ಡದು ಮಾಡು’ ಎಂದವರು ಜಾಣರೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಆ ಆಟಕ್ಕೆ ಹೇಳಿ ಮಾಡಿಸಿದಂತಿತ್ತು.

ಆರನೆಯ ಆಟದಲ್ಲಿ ಈ ಮೂರೂ ಕಟ್ಟುಗಳು ಸಡಿಲವಾದವು. ನಗರ ಹೆಚ್ಚಾದರೆ ವಿಜ್ಞಾನಕ್ಕೆ ದಂಡವಿಲ್ಲ. ಸಂತೋಷದ ಲೆಕ್ಕ ಆಯಾ ನಗರಕ್ಕೆ ಬೇರೆ ಬೇರೆ. ನಾಲ್ಕು ನಗರಕ್ಕೆ ಮಾತ್ರ ಎನ್ನುವ ಆ ಉಚಿತ ಕೊಡುಗೆಯೂ ಇಲ್ಲ. ಗಾದೆ ಸುಳ್ಳಾಗಲಿಲ್ಲ, ಹಾಸಿಗೆ ಬದಲಾಯಿತು.

ನಂಬಿಕೆ 1: ಕಡಿಮೆ ನಗರ, ದೊಡ್ಡ ನಗರ ಮೇಲು

ವಾಸ್ತವ: ಸಿವಿಲೈಸೇಶನ್ 6ರಲ್ಲಿ ಸಾಮಾನ್ಯವಾಗಿ ಇದು ತಪ್ಪು. ಯಾಕೆಂದು ಲೆಕ್ಕ ಹಾಕಿ ನೋಡೋಣ.

ಈ ಆಟದಲ್ಲಿ ವಿಶ್ವವಿದ್ಯಾಲಯ, ಮಾರುಕಟ್ಟೆ, ಕಾರ್ಖಾನೆ ಮುಂತಾದವು ನಗರದೊಳಗೆ ಮಾಯವಾಗಿ ಕೂರುವುದಿಲ್ಲ. ಅವುಗಳಿಗೆ ನಗರದ ಹೊರಗೆ ಒಂದೊಂದು ಟೈಲ್ ಬೇಕು. ಇವನ್ನು ‘ಡಿಸ್ಟ್ರಿಕ್ಟ್’ ಎನ್ನುತ್ತಾರೆ. ವಿಜ್ಞಾನಕ್ಕೆ ಕ್ಯಾಂಪಸ್, ವ್ಯಾಪಾರಕ್ಕೆ ಕಮರ್ಷಿಯಲ್ ಹಬ್, ಹೀಗೆ. ಒಂದು ನಗರದಲ್ಲಿ ಒಂದು ಬಗೆಯ ಡಿಸ್ಟ್ರಿಕ್ಟ್ ಒಂದೇ. ಎಷ್ಟು ಬಗೆ ಕಟ್ಟಬಹುದು ಎನ್ನುವುದನ್ನು ಜನಸಂಖ್ಯೆ ನಿರ್ಧರಿಸುತ್ತದೆ: ಜನಸಂಖ್ಯೆ 1 ಇದ್ದಾಗ ಒಂದು, 4 ಆದಾಗ ಎರಡು, 7 ಆದಾಗ ಮೂರು, 10 ಆದಾಗ ನಾಲ್ಕು.

ಈಗ ಎರಡು ಸಾಮ್ರಾಜ್ಯಗಳನ್ನು ಅಕ್ಕಪಕ್ಕ ಇಡೋಣ. ಒಂದರಲ್ಲಿ ಜನಸಂಖ್ಯೆ 10 ಇರುವ 4 ನಗರ, ಒಟ್ಟು 40. ಇನ್ನೊಂದರಲ್ಲಿ ಜನಸಂಖ್ಯೆ 4 ಇರುವ 8 ನಗರ, ಒಟ್ಟು 32.

ಡಿಸ್ಟ್ರಿಕ್ಟ್‌ಗಳು: ಮೊದಲನೆಯದರಲ್ಲಿ 4 ನಗರಕ್ಕೆ ನಾಲ್ಕರಂತೆ 16. ಎರಡನೆಯದರಲ್ಲಿ 8 ನಗರಕ್ಕೆ ಎರಡರಂತೆ ಅದೇ 16. ಎಂಟು ಮಂದಿ ಕಡಿಮೆ ಇದ್ದರೂ ಡಿಸ್ಟ್ರಿಕ್ಟ್ ಸಮ.

ಕ್ಯಾಂಪಸ್‌ಗಳು: ಮೊದಲನೆಯದರಲ್ಲಿ ಏನು ಮಾಡಿದರೂ 4ಕ್ಕಿಂತ ಹೆಚ್ಚಿಲ್ಲ. ಎರಡನೆಯದರಲ್ಲಿ 8. ವಿಜ್ಞಾನದಲ್ಲಿ ಗೆಲ್ಲಬೇಕೆನ್ನುವವರಿಗೆ ಇದೊಂದೇ ಸಾಲು ಸಾಕು.

ಅಮೆನಿಟಿ: ಅಂದರೆ ಜನರನ್ನು ಸಂತೋಷವಾಗಿಡಲು ಬೇಕಾದ ಸೌಕರ್ಯ. ಪ್ರತಿ ನಗರದ ಮೊದಲ ಇಬ್ಬರಿಗೆ ಏನೂ ಬೇಡ, ಅಲ್ಲಿಂದ ಮುಂದೆ ಪ್ರತಿ ಇಬ್ಬರಿಗೆ ಒಂದು. ಜನಸಂಖ್ಯೆ 10ರ ನಗರಕ್ಕೆ 4 ಬೇಕು, ಒಟ್ಟು 16. ಜನಸಂಖ್ಯೆ 4ರ ನಗರಕ್ಕೆ 1 ಸಾಕು, ಒಟ್ಟು 8. ಅಂದರೆ ಹೆಚ್ಚು ನಗರ ಇರುವ ಸಾಮ್ರಾಜ್ಯಕ್ಕೇ ಅರ್ಧ ಖರ್ಚು!

ದುಡಿಯುವ ಟೈಲ್‌ಗಳು: ನಗರ ನಿಂತಿರುವ ಟೈಲ್‌ಗೆ ಕೆಲಸದವರು ಬೇಡ, ಅದು ತಾನಾಗಿಯೇ ಆಹಾರ, ಉತ್ಪಾದನೆ ಕೊಡುತ್ತದೆ. ಅದನ್ನೂ ಸೇರಿಸಿದರೆ ಮೊದಲನೆಯದಕ್ಕೆ 44, ಎರಡನೆಯದಕ್ಕೆ 40. ಇಲ್ಲಿ ಮಾತ್ರ ದೊಡ್ಡ ನಗರಗಳು ಸ್ವಲ್ಪ ಮುಂದೆ.

ಆದರೆ ಜನಸಂಖ್ಯೆ 10 ಮುಟ್ಟುವುದೇ ಕಷ್ಟ. ಜನಸಂಖ್ಯೆ ಏರಿದಷ್ಟೂ ಮುಂದಿನ ಒಬ್ಬನಿಗೆ ಬೇಕಾಗುವ ಆಹಾರವೂ ಏರುತ್ತದೆ. ಜಾಗವೂ ಬೇಕು. ನದಿಯ ಪಕ್ಕದ ನಗರಕ್ಕೆ 5 ಹೌಸಿಂಗ್, ಗ್ರ್ಯಾನರಿ ಕಟ್ಟಿದರೆ 2, ಅಕ್ವೆಡಕ್ಟ್ ಕಟ್ಟಿದರೆ ಇನ್ನೆರಡು. ಎಲ್ಲ ಸೇರಿ 9. ಹತ್ತರ ಗಡಿ ದಾಟಲು ಹೊಲಗಳೋ ಇನ್ನೊಂದು ಕಟ್ಟಡವೋ ಬೇಕೇ ಬೇಕು.

ಹಾಗೆಂದು ಎಂಟು ನಗರ ಪುಕ್ಕಟೆ ಬರುವುದಿಲ್ಲ ಎನ್ನುವುದನ್ನೂ ಹೇಳಬೇಕು. ನಾಲ್ಕು ಸೆಟ್ಲರ್‌ಗಳ ಖರ್ಚು ಹೆಚ್ಚು, ಕಾಯಬೇಕಾದ ಊರುಗಳೂ ಹೆಚ್ಚು. ಆದರೂ ಒಟ್ಟು ಲೆಕ್ಕ ಹೆಚ್ಚು ನಗರಗಳ ಕಡೆಗೇ ವಾಲುತ್ತದೆ.

ನಂಬಿಕೆ 2: ನಗರಗಳ ನಡುವೆ ಆರೇಳು ಟೈಲ್ ಬಿಡಬೇಕು

ವಾಸ್ತವ: ಬೇಕಿಲ್ಲ. ಎರಡು ನಗರಗಳ ನಡುವೆ ಕನಿಷ್ಠ 3 ಟೈಲ್ ಇದ್ದರೆ ಆಟ ಅನುಮತಿ ಕೊಡುತ್ತದೆ. ಹೆಚ್ಚಿನ ಸಂದರ್ಭದಲ್ಲಿ ಮೂರು, ನಾಲ್ಕು ಟೈಲ್ ಅಂತರವೇ ಒಳ್ಳೆಯದು.

ದೂರ ಇಡಿ ಎನ್ನುವವರ ತರ್ಕ ಹೀಗೆ: ನಗರ ತನ್ನ ಸುತ್ತ 3 ಟೈಲ್ ದೂರದವರೆಗೆ ದುಡಿಸಿಕೊಳ್ಳಬಲ್ಲದು, ಪಕ್ಕದಲ್ಲೇ ಇನ್ನೊಂದು ನಗರ ಬಂದರೆ ಆ ಜಾಗ ಹಂಚಿಹೋಗುತ್ತದೆ. ಮಾತು ಸರಿ, ಲೆಕ್ಕ ಅರ್ಧ. ಸುತ್ತಲಿನ ಮೂರು ಬಳೆಗಳಲ್ಲಿ 6, 12, 18ರಂತೆ ಒಟ್ಟು 36 ಟೈಲ್‌ಗಳಿವೆ. ಒಂದು ಟೈಲ್ ದುಡಿಸಲು ಒಬ್ಬ ಬೇಕು. ಜನಸಂಖ್ಯೆ 10ರ ನಗರ ಹತ್ತನ್ನು ಮಾತ್ರ ದುಡಿಸುತ್ತದೆ, ಡಿಸ್ಟ್ರಿಕ್ಟ್‌ಗಳಿಗೆ ನಾಲ್ಕೈದು ಹೋಗುತ್ತವೆ. ಉಳಿದ ಇಪ್ಪತ್ತು ಟೈಲ್ ಸುಮ್ಮನೆ ಬೀಳು ಬಿದ್ದಿರುತ್ತವೆ. ಉಳುವವರೇ ಇಲ್ಲದ ಹೊಲಕ್ಕೆ ಬೇಲಿ ಹಾಕಿದಂತೆ.

ಹತ್ತಿರ ಇದ್ದರೆ ಇನ್ನೂ ಕೆಲವು ಲಾಭಗಳಿವೆ. ಒಂದರ ಪಕ್ಕ ಒಂದು ಡಿಸ್ಟ್ರಿಕ್ಟ್ ಇದ್ದರೆ ಪರಸ್ಪರ ಬಲ ಸಿಗುತ್ತದೆ, ಅವು ಬೇರೆ ಬೇರೆ ನಗರಗಳಿಗೆ ಸೇರಿದ್ದರೂ ಸರಿ. ಕಾರ್ಖಾನೆ, ಮೃಗಾಲಯಗಳಂಥ ಕಟ್ಟಡಗಳ ಪ್ರಯೋಜನ 6 ಟೈಲ್ ದೂರದೊಳಗಿನ ನಿಮ್ಮ ಎಲ್ಲ ನಗರಗಳಿಗೂ ತಲುಪುತ್ತದೆ. ಶತ್ರು ಬಂದರೆ ಒಂದು ನಗರದ ಸೈನ್ಯ ಇನ್ನೊಂದಕ್ಕೆ ಎರಡು ಮೂರು ಟರ್ನ್‌ನಲ್ಲಿ ಮುಟ್ಟುತ್ತದೆ.

ನಂಬಿಕೆ 3: ಮೊದಲ ಟರ್ನ್‌ನಲ್ಲಿ ನಿಂತಲ್ಲೇ ಕಟ್ಟಬೇಕು

ವಾಸ್ತವ: ಹೆಚ್ಚಿನ ಬಾರಿ ಹೌದು, ಎಲ್ಲ ಬಾರಿಯೂ ಅಲ್ಲ. ಒಂದು ಟರ್ನ್ ತಡವಾದರೆ ಒಂದು ಟರ್ನ್‌ನ ದುಡಿಮೆ ಹೋಗುತ್ತದೆ, ಅಷ್ಟೇ. ತಪ್ಪು ಜಾಗದಲ್ಲಿ ಕಟ್ಟಿದರೆ ನಷ್ಟ ಆಟದ ಕೊನೆಯವರೆಗೂ.

ಮೊದಲು ನೋಡಬೇಕಾದದ್ದು ನೀರು. ನದಿ, ಕೆರೆ ಅಥವಾ ಓಯಸಿಸ್ ತಾಗಿಕೊಂಡ ನಗರಕ್ಕೆ 5 ಹೌಸಿಂಗ್, ಸಮುದ್ರ ತೀರಕ್ಕೆ 3, ನೀರೇ ಇಲ್ಲದ ಕಡೆ 2. ಜನಸಂಖ್ಯೆ ಹೌಸಿಂಗ್‌ಗಿಂತ ಒಂದೇ ಕಡಿಮೆ ಇದ್ದಾಗ ನಗರದ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ, ಎರಡೂ ಸಮವಾದಾಗ ಕಾಲು ಭಾಗಕ್ಕೆ ಕುಸಿಯುತ್ತದೆ. ಅಂದರೆ ನೀರಿಲ್ಲದ ಕಡೆ ಕಟ್ಟಿದ ನಗರ ಹುಟ್ಟಿದ ದಿನವೇ ಅರ್ಧ ಉಸಿರಿನಲ್ಲಿ ಬದುಕುತ್ತದೆ. ಒಂದು ಟೈಲ್ ಪಕ್ಕಕ್ಕೆ ಸರಿದರೆ ನದಿ ಸಿಗುತ್ತದೆ ಎಂದಾದರೆ ಸರಿಯಿರಿ. ಆ ಒಂದು ಟರ್ನ್ ವ್ಯರ್ಥವಲ್ಲ.

ಇದನ್ನು ಕಣ್ಣಂದಾಜಿನಲ್ಲಿ ಹುಡುಕಬೇಕಿಲ್ಲ. ಸೆಟ್ಲರನ್ನು ಆಯ್ಕೆ ಮಾಡಿದಾಗ ನಕ್ಷೆಯೇ ಬಣ್ಣ ತೋರಿಸುತ್ತದೆ. ಗಾಢ ಹಸಿರು ಎಂದರೆ ಸಿಹಿನೀರು, ತಿಳಿ ಹಸಿರು ಎಂದರೆ ಸಮುದ್ರ ತೀರ, ಕೆಂಪು ಎಂದರೆ ಅಲ್ಲಿ ಕಟ್ಟುವಂತಿಲ್ಲ.

ಎರಡನೆಯದು ನೆಲ. ಸಾಮಾನ್ಯವಾಗಿ ನಗರದ ಟೈಲ್ 2 ಆಹಾರ, 1 ಉತ್ಪಾದನೆ ಕೊಡುತ್ತದೆ. ‘ಪ್ಲೇನ್ಸ್ ಹಿಲ್’ ಎಂಬ ಗುಡ್ಡದ ಮೇಲೆ ಕಟ್ಟಿದರೆ 2 ಆಹಾರ, 2 ಉತ್ಪಾದನೆ. ಆರಂಭದ ಹೊತ್ತಿನಲ್ಲಿ ಆ ಒಂದು ಹೆಚ್ಚುವರಿ ಉತ್ಪಾದನೆ ದೊಡ್ಡದು. ಗುಡ್ಡದ ಮೇಲಿನ ನಗರವನ್ನು ಗೆಲ್ಲುವುದೂ ಶತ್ರುವಿಗೆ ಕಷ್ಟ.

ನಮ್ಮ ರೂಢಿ ಇಷ್ಟು: ಸೆಟ್ಲರನ್ನು ಮುಟ್ಟುವ ಮೊದಲು ಜೊತೆಗಿರುವ ಯೋಧನನ್ನು ಎರಡು ಹೆಜ್ಜೆ ನಡೆಸಿ ಸುತ್ತ ಏನಿದೆ ನೋಡುತ್ತೇವೆ. ಒಂದು ಟರ್ನ್‌ನಲ್ಲಿ ಮುಟ್ಟುವಷ್ಟು ಹತ್ತಿರದಲ್ಲಿ ಒಳ್ಳೆಯ ಜಾಗ ಕಂಡರೆ ಹೋಗುತ್ತೇವೆ, ಕಾಣದಿದ್ದರೆ ನಿಂತಲ್ಲೇ ಕಟ್ಟುತ್ತೇವೆ. ಐದಾರು ಟರ್ನ್ ಅಲೆದು ಸ್ವರ್ಗ ಹುಡುಕುವುದು ಬೇಡ.

ನಂಬಿಕೆ 4: ಬೆಟ್ಟ, ಮರುಭೂಮಿ ಇದ್ದಲ್ಲಿ ಕಟ್ಟಬಾರದು

ವಾಸ್ತವ: ಅರ್ಧ ತಪ್ಪು. ಬೆಟ್ಟದ ಟೈಲ್‌ನಲ್ಲಿ ಸಾಮಾನ್ಯವಾಗಿ ಯಾರೂ ದುಡಿಯಲಾರರು, ನಿಜ. ಆದರೆ ಬೆಟ್ಟದ ಪಕ್ಕದಲ್ಲಿ ಕಟ್ಟಿದ ಕ್ಯಾಂಪಸ್‌ಗೆ ತಾಗಿಕೊಂಡ ಪ್ರತಿ ಬೆಟ್ಟಕ್ಕೂ 1 ವಿಜ್ಞಾನ ಹೆಚ್ಚು ಸಿಗುತ್ತದೆ. ದೇವಾಲಯಗಳ ಡಿಸ್ಟ್ರಿಕ್ಟ್ ಆದ ಹೋಲಿ ಸೈಟ್‌ಗೂ ಅದೇ ಲೆಕ್ಕದಲ್ಲಿ ಭಕ್ತಿ ಸಿಗುತ್ತದೆ. ಮೂರು ಬೆಟ್ಟ ಸುತ್ತುವರಿದ ಒಂದು ಖಾಲಿ ಟೈಲ್ ನಿಮ್ಮ ನಗರದಿಂದ 3 ಟೈಲ್ ಒಳಗಿದ್ದರೆ ಅದು ಬಂಗಾರದ ಸೈಟು. ನದಿ ಇಲ್ಲದ ನಗರಕ್ಕೆ ಬೆಟ್ಟದಿಂದಲೇ ಅಕ್ವೆಡಕ್ಟ್ ಮೂಲಕ ನೀರು ತರಬಹುದು, ಆಗ ನೀರಿನ ಹೌಸಿಂಗ್ 6ಕ್ಕೆ ಏರುತ್ತದೆ.

ಮರುಭೂಮಿ ನಿಜಕ್ಕೂ ಬಡ ನೆಲ. ಆದರೂ ಅದರ ನಡುವೆ ನದಿ ಹರಿದು ಪ್ರವಾಹದ ಬಯಲು ಆಗಿದ್ದರೆ ಅಲ್ಲಿ ಆಹಾರವಿದೆ. 2019ರ ‘ಗ್ಯಾದರಿಂಗ್ ಸ್ಟಾರ್ಮ್’ ವಿಸ್ತರಣೆಯಲ್ಲಿ ನದಿ ಉಕ್ಕುತ್ತದೆ. ಹೊಲ, ಕಟ್ಟಡ ಹಾಳುಮಾಡಬಹುದು, ಹೋಗುವಾಗ ನೆಲವನ್ನು ಇನ್ನಷ್ಟು ಫಲವತ್ತು ಮಾಡಿಯೂ ಹೋಗಬಹುದು. ನೀವು ಆಡುತ್ತಿರುವ ನಾಗರಿಕತೆ ಯಾವುದು ಎನ್ನುವುದೂ ಮುಖ್ಯ. ಮಾಲಿಯ ನಗರಗಳಿಗೆ ಅಕ್ಕಪಕ್ಕದ ಮರುಭೂಮಿಯೇ ಆಹಾರ, ಭಕ್ತಿ ಕೊಡುತ್ತದೆ. ರಷ್ಯಾಕ್ಕೆ ಹಿಮದಂಚಿನ ಟಂಡ್ರಾ ನೆಲವೇ ವರ. ಬೇರೆಯವರಿಗೆ ಹೇಳಿದ ಔಷಧಿ ನಮಗೂ ಆಗುತ್ತದೆ ಎಂದುಕೊಳ್ಳುವ ಹಾಗಿಲ್ಲ ಎನ್ನುವುದು ಇಲ್ಲೂ ನಿಜ.

ನಂಬಿಕೆ 5: ಮೊದಲು ವಂಡರ್, ಆಮೇಲೆ ಸೆಟ್ಲರ್

ವಾಸ್ತವ: ಬಹುತೇಕ ಬಾರಿ ಇದೇ ಆಟ ಕೆಡಿಸುವ ತಪ್ಪು.

ಸಾಮಾನ್ಯ ವೇಗದ ಆಟದಲ್ಲಿ ಮೊದಲ ಸೆಟ್ಲರ್‌ಗೆ 80 ಉತ್ಪಾದನೆ ಬೇಕು. ಸ್ಟೋನ್‌ಹೆಂಜ್ ಎಂಬ ವಂಡರ್‌ಗೆ 180. ಅಂದರೆ ಎರಡು ಪಟ್ಟಿಗೂ ಹೆಚ್ಚು. ಅದನ್ನು ನಿಮಗಿಂತ ಮೊದಲು ಇನ್ನೊಬ್ಬರು ಕಟ್ಟಿ ಮುಗಿಸಿದರೆ ವಂಡರ್ ಕೈತಪ್ಪುತ್ತದೆ. ಅಷ್ಟರಲ್ಲಿ ಪಕ್ಕದ ನದಿ ಕಣಿವೆಗೆ ನೆರೆಯವರ ಸೆಟ್ಲರ್ ಬಂದು ಕೂತಿರುತ್ತದೆ. ವಂಡರ್‌ಗಳು ಮುಂದಿನ ಯುಗಗಳಲ್ಲೂ ಬರುತ್ತಲೇ ಇರುತ್ತವೆ, ಖಾಲಿ ನೆಲ ಮಾತ್ರ ಒಮ್ಮೆ ಹೋದರೆ ಯುದ್ಧವಿಲ್ಲದೆ ವಾಪಸು ಬರುವುದು ಅಪರೂಪ.

ಸೆಟ್ಲರ್‌ಗಳನ್ನು ಬೇಗ ಮಾಡಲು ಇನ್ನೂ ಎರಡು ಕಾರಣಗಳಿವೆ. ಒಂದು, ಪ್ರತಿ ಸೆಟ್ಲರ್ ಆದಮೇಲೆ ಮುಂದಿನದರ ಬೆಲೆ ಏರುತ್ತದೆ. ಇನ್ನೊಂದು, ನೀವು ತಂತ್ರಜ್ಞಾನದಲ್ಲಿ ಮುಂದೆ ಹೋದಷ್ಟೂ ಡಿಸ್ಟ್ರಿಕ್ಟ್‌ಗಳು ದುಬಾರಿಯಾಗುತ್ತವೆ. ತಡವಾಗಿ ಹುಟ್ಟಿದ ನಗರ ದುಬಾರಿ ಕಾಲದಲ್ಲಿ ಸಂಸಾರ ಶುರುಮಾಡಿದಂತೆ. ಆದರೆ ಡಿಸ್ಟ್ರಿಕ್ಟ್‌ಗೆ ಜಾಗ ಗುರುತಿಸಿ ಕೆಲಸ ಆರಂಭಿಸಿದರೆ ಅದರ ಬೆಲೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಈಗ ಪೂರ್ತಿ ಕಟ್ಟಲಾಗದಿದ್ದರೂ ಗುದ್ದಲಿ ಪೂಜೆ ಮಾಡಿಡುವುದು ಜಾಣತನ.

ನೆನಪಿಡಬೇಕಾದ ಒಂದೆರಡು ಸಂಗತಿ: ಸೆಟ್ಲರ್ ಹೊರಡಿಸಲು ನಗರದ ಜನಸಂಖ್ಯೆ ಕನಿಷ್ಠ 2 ಇರಬೇಕು, ಹೊರಟ ಮೇಲೆ ಒಂದು ಕಡಿಮೆಯಾಗುತ್ತದೆ. ನಿಮ್ಮ ಒಟ್ಟು ಜನಸಂಖ್ಯೆ 6 ಮುಟ್ಟಿದರೆ ‘ಅರ್ಲಿ ಎಂಪೈರ್’ ಎಂಬ ಹಂತ ಬೇಗ ಕೈಗೆಟಕುತ್ತದೆ. ಅದರಲ್ಲಿ ಸಿಗುವ ‘ಕಾಲೊನೈಸೇಶನ್’ ಕಾರ್ಡ್ ಹಾಕಿದರೆ ಸೆಟ್ಲರ್ ತಯಾರಿ ಶೇ. 50ರಷ್ಟು ಚುರುಕಾಗುತ್ತದೆ. ಸಾಲಾಗಿ ಸೆಟ್ಲರ್‌ಗಳನ್ನು ಹೊರಡಿಸಲು ಅದೇ ಹೊತ್ತು.

ಇನ್ನೊಂದು ಎಚ್ಚರಿಕೆ. ಸೆಟ್ಲರನ್ನು ಒಂಟಿಯಾಗಿ ಕಳಿಸಬೇಡಿ. ಅದಕ್ಕೆ ಹೋರಾಡಲು ಬರುವುದಿಲ್ಲ, ಬಾರ್ಬೇರಿಯನ್ ದಾಳಿಕೋರರು ಬಂದರೆ ಹಿಡಿದುಕೊಂಡು ಹೋಗುತ್ತಾರೆ. ಒಬ್ಬ ಯೋಧನನ್ನು ಅದರ ಜೊತೆಗೆ ಜೋಡಿಸಿ ಕಳಿಸಬಹುದು. ಬಾರ್ಬೇರಿಯನ್ ಬೇಹುಗಾರ ನಿಮ್ಮ ನಗರವನ್ನು ನೋಡಿ ತನ್ನ ಬಿಡಾರಕ್ಕೆ ವಾಪಸಾದರೆ ಅಲ್ಲಿಂದ ದಂಡು ಹೊರಡುತ್ತದೆ. ಅವನನ್ನು ದಾರಿಯಲ್ಲೇ ತಡೆದರೆ ಹತ್ತಾರು ಟರ್ನ್ ನೆಮ್ಮದಿ.

ನಂಬಿಕೆ 6: ಎದುರಾಳಿಯ ಮೂಗಿನ ಕೆಳಗೇ ನಗರ ಕಟ್ಟಿ ದಾರಿ ಮುಚ್ಚಿ

ವಾಸ್ತವ: ನಿಮ್ಮ ಬಳಿ ಯಾವ ವಿಸ್ತರಣೆ ಇದೆ ಎನ್ನುವುದರ ಮೇಲೆ ಉತ್ತರ ನಿಂತಿದೆ.

2016ರ ಮೂಲ ಆಟದಲ್ಲಿ ಈ ತಂತ್ರ ನಡೆಯುತ್ತಿತ್ತು. 2018ರಲ್ಲಿ ಬಂದ ‘ರೈಸ್ ಅಂಡ್ ಫಾಲ್’ ವಿಸ್ತರಣೆ ‘ಲಾಯಲ್ಟಿ’ ಎಂಬ ಹೊಸ ಲೆಕ್ಕ ತಂದಿತು. ಇದರ ಪ್ರಕಾರ ಪ್ರತಿ ನಗರದ ಜನ 9 ಟೈಲ್ ದೂರದವರೆಗೂ ತಮ್ಮ ಪ್ರಭಾವ ಬೀರುತ್ತಾರೆ. ದೂರ ಹೋದಂತೆ ಪ್ರಭಾವ ಟೈಲ್‌ಗೆ ಶೇ. 10ರಂತೆ ಕಡಿಮೆಯಾಗುತ್ತದೆ. ನಿಮ್ಮ ಊರುಗಳಿಂದ ದೂರ, ಎದುರಾಳಿಯ ರಾಜಧಾನಿಗೆ ಹತ್ತಿರ ಒಂದು ಪುಟ್ಟ ನಗರ ಕಟ್ಟಿದರೆ ಅದರ ನಿಷ್ಠೆ ಟರ್ನ್‌ನಿಂದ ಟರ್ನ್‌ಗೆ ಇಳಿಯುತ್ತದೆ. ಸೊನ್ನೆ ಮುಟ್ಟಿದ ದಿನ ಅದು ನಿಮ್ಮ ಕೈಬಿಟ್ಟು ಸ್ವತಂತ್ರ ನಗರವಾಗುತ್ತದೆ, ಕೊನೆಗೆ ಎದುರಾಳಿಗೇ ಸೇರಬಹುದು. ಸೆಟ್ಲರ್ ಖರ್ಚು ನಿಮ್ಮದು, ನಗರ ಅವರದು!

ಅಲ್ಲಿಯೇ ಕಟ್ಟಬೇಕಾದ ಅನಿವಾರ್ಯ ಇದ್ದರೆ ಒಂದರ ಬದಲು ಎರಡು ಮೂರು ನಗರಗಳನ್ನು ಒಟ್ಟಿಗೆ ಕಟ್ಟಿ, ಅವು ಒಂದಕ್ಕೊಂದು ಆಸರೆಯಾಗುತ್ತವೆ. ಗವರ್ನರ್ ಒಬ್ಬನನ್ನು ಕಳಿಸಿದರೆ ಪ್ರತಿ ಟರ್ನ್‌ಗೆ 8 ಲಾಯಲ್ಟಿ ಹೆಚ್ಚು ಸಿಗುತ್ತದೆ. ಒಟ್ಟಿನಲ್ಲಿ ಹೊರಗೆ ಹಾರುವುದಕ್ಕಿಂತ ಒಳಗಿನಿಂದ ಹಬ್ಬುವುದು ಕ್ಷೇಮ.

ಹಾಗಾದರೆ ಎಷ್ಟು ನಗರ ಕಟ್ಟಬೇಕು?

ಅನುಭವಿ ಆಟಗಾರರು ಬಳಸುವ ಒಂದು ಅಂದಾಜು ಇದೆ: ಸಾಮಾನ್ಯ ವೇಗದಲ್ಲಿ 100ನೆಯ ಟರ್ನ್ ಹೊತ್ತಿಗೆ ಸುಮಾರು 10 ನಗರ. ಇದು ದಿಕ್ಕು ತೋರಿಸುವ ಕೈಮರ ಮಾತ್ರ, ಕಾನೂನಲ್ಲ. ಪುಟ್ಟ ದ್ವೀಪದಲ್ಲಿ ಸಿಕ್ಕಿಕೊಂಡವರಿಗೆ ಐದೇ ಸಿಗಬಹುದು. ಅತಿ ಕಠಿಣವಾದ ‘ಡೀಟಿ’ ಹಂತದಲ್ಲಿ ಕಂಪ್ಯೂಟರ್ ಎದುರಾಳಿಗಳು ಮೂರು ಸೆಟ್ಲರ್‌ಗಳೊಂದಿಗೇ ಆಟ ಶುರುಮಾಡುತ್ತಾರೆ, ಅಲ್ಲಿ ಸೈನ್ಯದ ಖರ್ಚನ್ನೂ ಮೊದಲೇ ಎತ್ತಿಡಬೇಕು. ಸೈನ್ಯವೇ ಇಲ್ಲದೆ ಹತ್ತು ನಗರ ಕಟ್ಟಿದರೆ ನೆರೆಯವರಿಗೆ ಹತ್ತು ಉಡುಗೊರೆ ಕಟ್ಟಿಟ್ಟಂತೆ.

ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲು ಇಷ್ಟು ನೋಡಿ: ಮುಂದಿನ ನಗರಕ್ಕೆ ನೀರು ಇದೆಯೇ, ಕನಿಷ್ಠ ಒಂದು ಒಳ್ಳೆಯ ಡಿಸ್ಟ್ರಿಕ್ಟ್‌ಗೆ ಜಾಗ ಇದೆಯೇ, ಅದನ್ನು ಕಾಯಬಲ್ಲೆವೇ. ಮೂರಕ್ಕೂ ಹೌದು ಎಂದರೆ ಕಟ್ಟಿ. ಎರಡಕ್ಕೆ ಹೌದು ಎಂದರೆ ಇನ್ನೊಮ್ಮೆ ಯೋಚಿಸಿ.

ಸೆಟ್ಲರ್ ಕಳಿಸುವ ಮುನ್ನ ಐದು ಪ್ರಶ್ನೆ

1. ಸಿಹಿನೀರು ತಾಗುತ್ತದೆಯೇ? ಇಲ್ಲದಿದ್ದರೆ ಅಕ್ವೆಡಕ್ಟ್‌ಗೆ ಬೆಟ್ಟವೋ ನದಿಯೋ ಹತ್ತಿರದಲ್ಲಿದೆಯೇ?

2. ಮೊದಲ ಬಳೆಯ ಆರು ಟೈಲ್‌ಗಳಲ್ಲಿ ಈಗಲೇ ದುಡಿಸಬಹುದಾದ ಎರಡಾದರೂ ಒಳ್ಳೆಯ ಟೈಲ್ ಇವೆಯೇ? ಮೂರನೆಯ ಬಳೆಯ ಸಂಪತ್ತು ಗಡಿ ಹಬ್ಬಿದ ಮೇಲಷ್ಟೇ ಕೈಗೆ ಬರುತ್ತದೆ.

3. ಹೊಸ ಐಷಾರಾಮಿ ಸಂಪತ್ತು ಸಿಗುತ್ತದೆಯೇ? ರೇಷ್ಮೆ, ವಜ್ರ, ಸಾಂಬಾರ ಪದಾರ್ಥದಂಥ ಒಂದೊಂದು ಬಗೆಯೂ ನಿಮ್ಮ 4 ನಗರಗಳಿಗೆ ಒಂದೊಂದು ಅಮೆನಿಟಿ ಕೊಡುತ್ತದೆ. ಒಂದೇ ಬಗೆಯ ಎರಡನೆಯದರಿಂದ ಅಮೆನಿಟಿ ಹೆಚ್ಚುವುದಿಲ್ಲ, ಅದನ್ನು ನೆರೆಯವರಿಗೆ ಮಾರಿ.

4. ಕ್ಯಾಂಪಸ್ ಎಲ್ಲಿ, ಕಮರ್ಷಿಯಲ್ ಹಬ್ ಎಲ್ಲಿ? ಕ್ಯಾಂಪಸ್‌ಗೆ ಬೆಟ್ಟದ ಪಕ್ಕ, ಕಮರ್ಷಿಯಲ್ ಹಬ್‌ಗೆ ನದಿಯ ಪಕ್ಕ. ನಗರ ಕಟ್ಟುವ ಮೊದಲೇ ನಕ್ಷೆಯ ಮೇಲೆ ಗುರುತು ಹಾಕಿಡಿ.

5. ಪಕ್ಕದವರು ಅಲ್ಲಿಗೆ ನಮಗಿಂತ ಮೊದಲು ಬರಬಹುದೇ? ಬರುವ ಹಾಗಿದ್ದರೆ ಆ ಜಾಗ ಮೊದಲು. ಯಾರೂ ಮುಟ್ಟಲಾಗದ ಹಿತ್ತಲಿನ ಜಾಗ ಕೊನೆಗೆ.

ಸುಳ್ಳು ಬೇರೆ, ಹಳತು ಬೇರೆ

ಈ ಆಟದ ಬಗ್ಗೆ ಓಡಾಡಿದ ಅತಿ ದೊಡ್ಡ ಕಥೆ ನಮ್ಮ ದೇಶಕ್ಕೇ ಸಂಬಂಧಿಸಿದ್ದು. 1991ರ ಮೊದಲ ಆಟದಲ್ಲಿ ಒಂದು ಲೆಕ್ಕದ ದೋಷದಿಂದ ಗಾಂಧೀಜಿ ಅಣುಬಾಂಬ್ ಹಾಕುವ ನಾಯಕರಾಗಿಬಿಟ್ಟಿದ್ದರು ಎಂದು ವರ್ಷಗಟ್ಟಲೆ ಜನ ನಂಬಿದ್ದರು. ಅಂಥ ದೋಷ ಇರಲೇ ಇಲ್ಲ ಎಂದು ಸಿಡ್ ಮೈಯರ್ 2020ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ಎಂದೂ ನಿಜವಾಗಿರದ ಸುದ್ದಿ. ಇಂಥದ್ದನ್ನು ಹಿಡಿಯುವುದು ಸುಲಭ.

‘ನಾಲ್ಕೇ ನಗರ ಸಾಕು’ ಎನ್ನುವುದು ಬೇರೆ ಜಾತಿಯದು. ಅದನ್ನು ಮೊದಲು ಹೇಳಿದವರು ಆಡಿ, ಲೆಕ್ಕ ಹಾಕಿ, ಗೆದ್ದು ಹೇಳಿದವರು. ಮಾತಿನಲ್ಲಿ ಮೋಸವಿರಲಿಲ್ಲ. ಫಾರ್ವರ್ಡ್ ಆಗುತ್ತಾ ಹೋದಂತೆ ‘ಐದನೆಯ ಆಟಕ್ಕೆ’ ಎಂಬ ಒಂದು ಪದ ಉದುರಿಹೋಯಿತು, ಅಷ್ಟೇ. ಇಂಥ ಸಂದೇಶವನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಹುಡುಕಿದರೆ ಅದಕ್ಕೆ ಆಧಾರವೂ ಸಿಗುತ್ತದೆ. ನಮಗೆ ಬರುವ ಔಷಧಿ, ಸಾಲದ ಬಡ್ಡಿ, ಸರ್ಕಾರಿ ಯೋಜನೆಗಳ ಸಂದೇಶಗಳಲ್ಲೂ ಎಷ್ಟೋ ಇಂಥವೇ. ಒಂದು ಕಾಲಕ್ಕೆ ನಿಜವಾಗಿದ್ದು, ತಾರೀಖು ಕಳಚಿಕೊಂಡು ಇವತ್ತಿನದೆಂಬಂತೆ ಬಂದು ಕೂತಿರುತ್ತವೆ. ಆಟದಲ್ಲಿ ಹಳೆಯ ಸಲಹೆ ನಂಬಿದರೆ ಒಂದು ಸಂಜೆ ಹಾಳು. ಬೇರೆ ಕಡೆ ಹೋಗುವುದು ಸಂಜೆಯಷ್ಟೇ ಅಲ್ಲ.

ಅದೇ ನ್ಯಾಯ ಈ ಬರಹಕ್ಕೂ ಅನ್ವಯ. 2025ರ ಫೆಬ್ರವರಿಯಲ್ಲಿ ಸಿವಿಲೈಸೇಶನ್ 7 ಬಂದಿದೆ. ಅದರಲ್ಲಿ ಎಷ್ಟು ಊರುಗಳನ್ನು ಕಟ್ಟಬಹುದು ಎನ್ನುವುದಕ್ಕೆ ಮತ್ತೆ ಒಂದು ಮಿತಿ ಇದೆ, ಮಿತಿ ದಾಟಿದರೆ ಜನರ ಸಂತೋಷ ಕುಗ್ಗುತ್ತದೆ. ಅಲ್ಲಿ ನಮ್ಮ ‘ಬೇಗ ಬೇಗ, ಹತ್ತಿರ ಹತ್ತಿರ’ ಮಾತನ್ನು ಕಣ್ಣುಮುಚ್ಚಿ ಪಾಲಿಸಿದರೆ ಮುಗ್ಗರಿಸುತ್ತೀರಿ. ಆದ್ದರಿಂದ ಇದನ್ನು ಗೆಳೆಯರಿಗೆ ಕಳಿಸುವುದಾದರೆ ಒಂದು ಸಾಲು ಸೇರಿಸಿ ಕಳಿಸಿ: “ಇದು ಸಿವಿಲೈಸೇಶನ್ 6ಕ್ಕೆ ಮಾತ್ರ.”